ನಮ್ಮ ಮನೆಗೆ ಸ್ಪೇನ್ ಹುಡುಗಿ, ಅವರ ಮನೆಗೆ ನನ್ನ ಮಗಳು

ಐರ್ಲೆಂಡಿನ ಹೈಸ್ಕೂಲಿನಲ್ಲಿ ನಾಲ್ಕನೇ ವರ್ಷಕ್ಕೆ ಟ್ರಾನ್ಸಿಶನ್ ಇಯರ್ ಎನ್ನುತ್ತಾರೆ. ಎಲ್ಲರ ಬಾಯಲ್ಲೂ ಅದು ಬರೀ ಟಿವೈ. ಮಕ್ಕಳಿಗೆ ಆಗ ಹದಿನೈದು ಹದಿನಾರು ವಯಸ್ಸು. ಜೂನಿಯರ್ ಸರ್ಟ್ ಪರೀಕ್ಷೆ ಮುಗಿದಿರುತ್ತದೆ, ಶಾಲೆಯ ಕೊನೆಯ ದೊಡ್ಡ ಪರೀಕ್ಷೆ ಲೀವಿಂಗ್ ಸರ್ಟಿನ ಓದು ಇನ್ನೂ ಶುರುವಾಗಿರುವುದಿಲ್ಲ. ನಡುವಿನ ಆ ವರ್ಷ ಮಕ್ಕಳು ಯಾವುದಾದರೂ ಅಂಗಡಿಯಲ್ಲೋ ಆಫೀಸಿನಲ್ಲೋ ಕೆಲಸ ಮಾಡಿ ನೋಡುತ್ತಾರೆ, ನಾಟಕ ಆಡುತ್ತಾರೆ, ಬೆಟ್ಟ ಹತ್ತುತ್ತಾರೆ. 1974ರಲ್ಲಿ ಕೆಲವೇ ಶಾಲೆಗಳಲ್ಲಿ ಪ್ರಯೋಗಕ್ಕೆಂದು ಶುರುವಾದದ್ದು ಈಗ ಹೆಚ್ಚಿನ ಶಾಲೆಗಳಲ್ಲಿದೆ. ದೊಡ್ಡ ಪರೀಕ್ಷೆಯೇ ಇಲ್ಲದ ವರ್ಷ ಅಂದಾಗ ನಮ್ಮ ಯಜಮಾನರ ಮುಖ ಸಪ್ಪಗಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಒಂದು ವರ್ಷ ಹೀಗೆ ಬಿಡುವುದುಂಟಾ ಅಂತ ಅವರ ಪ್ರಶ್ನೆ.

ಆ ವರ್ಷದ ಪಟ್ಟಿಯಲ್ಲೇ ಸ್ಪೇನ್ ಎಕ್ಸ್‌ಚೇಂಜ್ ಇತ್ತು. ನಾವಿರುವುದು ಗಾಲ್ವೇ ಊರಿನಲ್ಲಿ. ಮಗಳ ಶಾಲೆಗೂ ಸ್ಪೇನಿನ ಸಲಮಾಂಕಾದ ಒಂದು ಶಾಲೆಗೂ ಮೊದಲಿಂದ ಒಡನಾಟ. ಅಕ್ಟೋಬರಿನಲ್ಲಿ ಅಲ್ಲಿನ ಮಕ್ಕಳು ಬಂದು ನಮ್ಮ ಮನೆಗಳಲ್ಲಿ ಇರುವುದು, ಮಾರ್ಚಿನಲ್ಲಿ ನಮ್ಮ ಮಕ್ಕಳು ಹೋಗಿ ಅವರ ಮನೆಗಳಲ್ಲಿ ಇರುವುದು. ಊಟ, ವಸತಿಗೆ ಯಾರೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ವಿಮಾನದ ಟಿಕೆಟ್ಟು, ಸುತ್ತಾಟದ ಖರ್ಚು ಮಾತ್ರ ನಮ್ಮದು. ಕೆಲವು ಶಾಲೆಗಳಿಗೆ ಯುರೋಪಿಯನ್ ಯೂನಿಯನ್ನಿನ ಎರಾಸ್ಮಸ್ ಪ್ಲಸ್ ಹಣ ಸಿಗುತ್ತದೆ. ಇಲ್ಲಿ ಶಾಲೆಗಳ ಮಟ್ಟಿಗೆ ಅದನ್ನು ನೋಡಿಕೊಳ್ಳುವುದು ಲೇರ್ಗಸ್ ಎಂಬ ಸಂಸ್ಥೆ. ನಮ್ಮದು ಹಾಗಲ್ಲ, ಅಪ್ಪ ಅಮ್ಮಂದಿರ ಜೇಬಿನಿಂದಲೇ.

ಒಪ್ಪಿಗೆ ಕೊಟ್ಟ ಮೇಲೆ ಕಾಗದಪತ್ರ. ಬೇರೆಯವರ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ ಇಲ್ಲಿ ಗಾರ್ಡಾ ವೆಟ್ಟಿಂಗ್ ಆಗಲೇಬೇಕು. ಗಾರ್ಡಾ ಅಂದರೆ ಇಲ್ಲಿನ ಪೊಲೀಸರು. ನಮ್ಮ ಮೇಲೆ ಕೇಸುಗೀಸು ಇದೆಯಾ ಅಂತ ನೋಡಿ ಅವರು ಶಾಲೆಗೆ ತಿಳಿಸುತ್ತಾರೆ. ಗುರುತಿನ ಚೀಟಿ, ಮನೆ ವಿಳಾಸದ ದಾಖಲೆ ತೋರಿಸಿದ ಮೇಲೆ ಇಮೇಲಿನಲ್ಲಿ ಒಂದು ಲಿಂಕ್ ಬಂತು. ಅದನ್ನು ತೆರೆದರೆ, ಹುಟ್ಟಿದಾಗಿನಿಂದ ಇವತ್ತಿನವರೆಗೆ ಎಲ್ಲೆಲ್ಲಿ ವಾಸವಿದ್ದಿರಿ, ಎಲ್ಲಾ ವಿಳಾಸ ಬರೆಯಿರಿ ಅಂತಿತ್ತು! ಒಂದೇ ಮನೆಯಲ್ಲಿ ಹುಟ್ಟಿ ಬೆಳೆದು ಅದೇ ಬೀದಿಯಲ್ಲಿ ಮನೆ ಕಟ್ಟಿಕೊಂಡ ಐರಿಷ್ ರೈತನಿಗೆ ಇದು ಎರಡು ನಿಮಿಷದ ಕೆಲಸ. ನನಗೆ? ಸಾಗರದ ಹತ್ತಿರದ ಹಳ್ಳಿ ಮನೆ, ಅದಕ್ಕೆ ನಂಬರೇ ಇಲ್ಲ. ಆಮೇಲೆ ಶಿವಮೊಗ್ಗದ ಹಾಸ್ಟೆಲ್, ಮಂಗಳೂರಿನ ನರ್ಸಿಂಗ್ ಕಾಲೇಜಿನ ಹಾಸ್ಟೆಲ್, ಬೆಂಗಳೂರಿನ ವಿಜಯನಗರದಲ್ಲಿ ಪಿಜಿ, ಮದುವೆಯಾದ ಮೇಲೆ ಬನಶಂಕರಿಯಲ್ಲಿ ಬಾಡಿಗೆ ಮನೆ, ನೀರಿಲ್ಲ ಅಂತ ಅಲ್ಲಿಂದ ಮತ್ತೊಂದು ಕಡೆ. ಊರಿಗೆ ಫೋನ್ ಮಾಡಿ ಅಣ್ಣನನ್ನು ಪಿನ್‌ಕೋಡ್ ಕೇಳಿದೆ. "ಯಾಕೆ ಕಣೇ, ಆಸ್ತಿ ಗೀಸ್ತಿ ತಗೋತಾ ಇದ್ದೀಯಾ?" ಅಂದ. ಸ್ಪೇನಿನ ಹುಡುಗಿ ನಮ್ಮನೇಲಿ ಇರೋಕೆ ಬರ್ತಾಳೆ, ಅದಕ್ಕೆ ಅಂದೆ. ಸ್ಪೇನಿನ ಹುಡುಗಿಗೂ ನಮ್ಮ ಹಳ್ಳಿ ಮನೆಯ ಪಿನ್‌ಕೋಡಿಗೂ ಏನು ಸಂಬಂಧ ಅಂತ ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಆಚೆ ಕಡೆ ಅವರದೂ ಓಡಾಟ ಇತ್ತಂತೆ. ಸ್ಪೇನಿನ ಮಕ್ಕಳು ಅಪ್ಪ ಅಮ್ಮ ಇಲ್ಲದೆ ದೇಶದ ಹೊರಗೆ ಹೋಗಬೇಕಾದರೆ, ತಂದೆ ತಾಯಿ ಪೊಲೀಸ್ ಠಾಣೆಯಂಥ ಕಡೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಬೇಕು. ನಮ್ಮ ಮಗಳು ಹುಟ್ಟಿದ್ದು ಇಲ್ಲೇ, ಐರಿಷ್ ಪಾಸ್‌ಪೋರ್ಟ್ ಇದೆ, ಹಾಗಾಗಿ ವೀಸಾ ಗೋಜಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಶೆಂಗೆನ್ ದೇಶಗಳ ಗುಂಪಿನಲ್ಲಿ ಐರ್ಲೆಂಡ್ ಇಲ್ಲವಲ್ಲ, ಅದೇ ನನ್ನ ಪಾಸ್‌ಪೋರ್ಟಿನಲ್ಲಿ ಹೊರಟಿದ್ದರೆ ಡಬ್ಲಿನ್‌ಗೆ ಹೋಗಿ ವೀಸಾಗೆ ಅಪಾಯಿಂಟ್‌ಮೆಂಟ್ ಹುಡುಕಬೇಕಿತ್ತು.

ಇದೆಲ್ಲ ಆದ ಮೇಲೂ ನನಗೊಂದು ಅಳುಕು. ಪಾಪ, ಆ ಕಡೆಯವರು ಐರಿಷ್ ಮನೆ, ಐರಿಷ್ ಊಟ, ಐರಿಷ್ ಇಂಗ್ಲಿಷ್ ಅಂತ ಆಸೆಯಿಂದ ಕಳಿಸ್ತಿರ್ತಾರೆ. ಅವರ ಹುಡುಗಿಗೆ ಸಿಗುವುದು ನಮ್ಮನೆ. ಮಾಂಸ ಬೇಯಿಸದ ಮನೆ, ಮೊಟ್ಟೆಯೊಂದು ಮಾತ್ರ ಉಂಟು. ಬೆಳಿಗ್ಗೆ ಒಗ್ಗರಣೆ ವಾಸನೆ, ರಾತ್ರಿ ಅನ್ನ ಸಾರು. ಸ್ಪ್ಯಾನಿಷ್ ಟೀಚರಿಗೆ ಹೀಗೇ ಹೇಳಿದೆ. ಅವರು ನಕ್ಕು, ಈ ಸಲದ ಪಟ್ಟಿಯಲ್ಲಿ ಪೋಲೆಂಡಿನವರ ಮನೆ ಇದೆ, ನೈಜೀರಿಯಾದವರ ಮನೆ ಇದೆ, ಇವತ್ತಿನ ಐರ್ಲೆಂಡ್ ಹೀಗೇ ಇರುವುದು ಅಂದರು. ಆದರೂ ಫಾರ್ಮಿನಲ್ಲಿ ಊಟದ ವಿಷಯ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದೆ. ಅಲ್ಲಿನ ತಾಯಿಯಿಂದ ಮರುದಿನವೇ ಉತ್ತರ: ಪರವಾಗಿಲ್ಲ, ನಮ್ಮವಳು ತರಕಾರಿ ತಿನ್ನಲು ಕಲಿತರೆ ನಿಮಗೆ ಕೈ ಮುಗಿಯುತ್ತೇನೆ.

ಹುಡುಗಿಯ ಹೆಸರು ಬರೆಯುವುದಿಲ್ಲ, ಇನ್ನೂ ಚಿಕ್ಕವಳು.

ಅವರ ಗುಂಪು ಡಬ್ಲಿನ್‌ಗೆ ಬಂದಿಳಿದು, ಅಲ್ಲಿಂದ ಬಸ್ಸಿನಲ್ಲಿ ಗಾಲ್ವೇಗೆ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಶಾಲೆಯ ಕಾರ್ ಪಾರ್ಕಿನಲ್ಲಿ ಅಡ್ಡಮಳೆ. ಮಲೆನಾಡಿನವಳಿಗೆ ಮಳೆ ಹೊಸದಲ್ಲ, ಆದರೆ ಗಾಲ್ವೇ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಹೊಡೆಯುತ್ತದೆ. ಕೊಡೆ ಹಿಡಿದವರು ಹೊಸಬರು ಅಂತ ಲೆಕ್ಕ. ಸ್ಪೇನಿನ ಮಕ್ಕಳೆಲ್ಲ ಕೊಡೆ ಬಿಚ್ಚಿಕೊಂಡೇ ಇಳಿದರು. ನಮ್ಮ ಹುಡುಗಿ ಬಂದವಳೇ ನನ್ನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟಳು. ಯಜಮಾನರ ಕಡೆ ತಿರುಗಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದುಬಿಟ್ಟರು. ಅವಳೂ ಕೈ ಮುಗಿದಳು. ಅಲ್ಲಿಗೆ ಪರಿಚಯ ಮುಗಿಯಿತು.

ಮೊದಲ ಎರಡು ದಿನ ಅವಳು ಫೋನಿನ ಅನುವಾದವನ್ನೇ ನಂಬಿದ್ದಳು. ನಾನು ಏನು ಕೇಳಿದರೂ ಫೋನ್ ಮುಂದೆ ಹಿಡಿಯುವಳು. ನನ್ನ ಮಗಳು ಸುಲಭ ಮಾಡಿ, ನಿಧಾನ ಮಾಡಿ, ಅರ್ಧ ಸ್ಪ್ಯಾನಿಷ್ ಸೇರಿಸಿ ಮಾತಾಡುವಳು. ಇದರಿಂದ ಇಬ್ಬರಿಗೂ ಏನೂ ಬರುತ್ತಿರಲಿಲ್ಲ. ಈ ಕಟ್ಟೆ ಒಡೆದವನು ನನ್ನ ಎಂಟು ವರ್ಷದ ಮಗ. ಅವನಿಗೆ ದಾಕ್ಷಿಣ್ಯ ಗೊತ್ತಿಲ್ಲ. ಊರಿನಿಂದ ತಂದ ಚೌಕಾಬಾರದ ಮಣೆ ಹಾಸಿ, ಕವಡೆ ಅವಳ ಕೈಗೆ ಕೊಟ್ಟು ಆಟ ಶುರುಮಾಡಿದ. ಕಾಯಿ ತಪ್ಪು ಮನೆಗೆ ಇಟ್ಟರೆ ಕಿರುಚುವನು. ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಫೋನ್ ತೆಗೆದು ಟೈಪ್ ಮಾಡುತ್ತ ಕೂರಲು ಆಗುತ್ತದೆಯೇ? ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಜಗಳ ಆಡಿದಳು. ಅದೂ ಇದೂ ತಪ್ಪಿದರೂ ಜಗಳ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಳ್ಳುತ್ತಿದ್ದ ನನಗೆ ಎಷ್ಟು ಖುಷಿಯಾಯಿತು ಅಂದರೆ, ಇಬ್ಬರನ್ನೂ ಬೈಯಲೇ ಇಲ್ಲ.

ಊಟದ ವಿಷಯದಲ್ಲಿ ನಾನು ಹೆದರಿದ್ದೇ ಬೇರೆ, ಆದದ್ದೇ ಬೇರೆ. ಐರಿಷ್ ಮನೆಗಳಲ್ಲಿ ರಾತ್ರಿಯೂಟ ಸಂಜೆ ಐದೂವರೆ ಆರಕ್ಕೇ ಮುಗಿಯುತ್ತದೆ. ಸ್ಪೇನಿನವರು ಉಣ್ಣುವುದು ಒಂಬತ್ತರ ಮೇಲೆ. ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಎರಡನೇ ದಿನದಿಂದಲೇ ಗೋಳು. ನಮ್ಮವನು ಆರು ಗಂಟೆಗೆ ಏನೂ ಮುಟ್ಟಲ್ಲ, ಹತ್ತು ಗಂಟೆಗೆ ಫ್ರಿಜ್ ತೆಗೀತಾನೆ ಅಂತ ಒಬ್ಬರು. ಮಧ್ಯಾಹ್ನದ ಸ್ಯಾಂಡ್‌ವಿಚ್ ಹಾಗೇ ವಾಪಸ್ ಬಂತು ಅಂತ ಇನ್ನೊಬ್ಬರು. ಸ್ಪೇನಿನಲ್ಲಿ ಶಾಲೆ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಶುರುವಾಗಿ ಎರಡೂವರೆ ಹೊತ್ತಿಗೆ ಬಿಡುತ್ತದೆ, ಮಕ್ಕಳು ಮನೆಗೆ ಬಂದು ಬಿಸಿ ಬಿಸಿ ಊಟ ಮಾಡುತ್ತಾರೆ. ಅದೇ ದಿನದ ದೊಡ್ಡ ಊಟ. ಇಲ್ಲಿ ಒಂದು ಗಂಟೆಗೆ ತಣ್ಣಗಿನ ಸ್ಯಾಂಡ್‌ವಿಚ್ ಕೊಟ್ಟರೆ ಅವರ ಹೊಟ್ಟೆ ಅದನ್ನು ಊಟ ಅಂತ ಒಪ್ಪಬೇಕಲ್ಲ.

ನಮ್ಮನೆಯಲ್ಲಿ ಈ ರಗಳೆಯೇ ಇರಲಿಲ್ಲ. ಮಕ್ಕಳು ನಾಲ್ಕು ಗಂಟೆಗೆ ಬಂದ ಕೂಡಲೇ ಬಿಸಿ ಅನ್ನಕ್ಕೆ ತಿಳಿಸಾರು, ಒಂದು ಪಲ್ಯ. ರಾತ್ರಿ ನಾವು ಉಣ್ಣುವುದೇ ಎಂಟೂವರೆ ಒಂಬತ್ತಕ್ಕೆ. ಖಾರ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಸ್ಪೇನಿನ ಅಡುಗೆಯಲ್ಲಿ ಖಾರ ಬಹಳ ಕಮ್ಮಿ. ಸಾರಿನ ಪುಡಿ ಅರ್ಧ ಚಮಚಕ್ಕೆ ಇಳಿಸಿದೆ, ಅದಕ್ಕೇ ಮೂಗು ಒರೆಸಿಕೊಂಡಳು. ಬೆಳಿಗ್ಗೆ ಅವಳಿಗೆ ಬಿಸಿ ಹಾಲಿಗೆ ಚಾಕೊಲೇಟ್ ಪುಡಿ ಹಾಕಿ ಬಿಸ್ಕತ್ತು ಅದ್ದಿ ತಿಂದು ರೂಢಿ. ನನ್ನ ಹತ್ತಿರ ಇಂಡಿಯನ್ ಅಂಗಡಿಯ ಬೋರ್ನ್‌ವಿಟಾ, ಮಾರಿ ಬಿಸ್ಕತ್ತು ಇತ್ತು. ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿ ಅವಳ ಮುಖ ಅರಳಿತು. ದೋಸೆ ಕೂಡ ಇಷ್ಟಪಟ್ಟಳು, ಆದರೆ ಬೆಳಿಗ್ಗೆಯೇ ಅಷ್ಟು ತಿನ್ನುವುದು ಅವಳ ಕೈಲಾಗದು. ರಾತ್ರಿಗೆ ಎತ್ತಿಡಿ ಅನ್ನುತ್ತಿದ್ದಳು.

ಗುಂಪಿನಲ್ಲಿ ಎಲ್ಲರದೂ ಒಂದೇ ದೂರು ಇದ್ದದ್ದು ಸ್ನಾನದ ಬಗ್ಗೆ. ಐರಿಷ್ ಮನೆಯಲ್ಲಿ ಇಮ್ಮರ್ಶನ್ ಸ್ವಿಚ್ ಅಂದರೆ ಧರ್ಮದ ವಿಷಯ. ನೀರು ಕಾಯಿಸಲು ಹಾಕಿ ಆರಿಸಲು ಮರೆತವರಿಗೆ ಮಾಫಿಯಿಲ್ಲ. ಈ ಮಕ್ಕಳು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುವುದು ಕಂಡು ನಮ್ಮ ಪಕ್ಕದ ಬೀದಿಯ ಅಮ್ಮ ಬಾಗಿಲು ಬಡಿದು ಬಡಿದು ಸಾಕಾದಳಂತೆ. ನಾನು ಮೊದಲ ದಿನವೇ ಹುಡುಗಿಗೆ ಬಕೆಟ್ಟು, ಚೊಂಬು ತೋರಿಸಿದ್ದೆ. ಅವಳಿಗೆ ಅದೊಂದು ಮೋಜು.

ಶಾಲೆಯ ಕಾರ್ಯಕ್ರಮಗಳ ಪಟ್ಟಿ ಉದ್ದ ಇತ್ತು. ಐರಿಷ್ ನೃತ್ಯದ ಸಂಜೆ, ಇಲ್ಲಿನ ಕೋಲು ಚೆಂಡಿನ ಆಟ ಹರ್ಲಿಂಗ್‌ಗೆ ಕೋಲು ಹಿಡಿಯುವ ಪಾಠ, ಗಾಲ್ವೇಯ ಪಶ್ಚಿಮಕ್ಕಿರುವ ಕನೆಮಾರಾ ಸೀಮೆಯಲ್ಲಿ ಕೈಲ್‌ಮೋರ್ ಅಬ್ಬಿ, ಮೊಹರ್ ಬಂಡೆಗಳು. ಮೊಹರ್ ಬಂಡೆಗಳು ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿವೆ, ಎತ್ತರದ ಕಡೆ 200 ಮೀಟರಿಗೂ ಜಾಸ್ತಿ. ಇವರು ಹೋದ ದಿನ ಪೂರ್ತಿ ಮಂಜು. ಕೆಳಗೆ ಅಲೆ ಬಡಿಯುವ ಸದ್ದು ಕೇಳಿ ವಾಪಸ್ ಬಂದರು. ಊರೊಳಗೆ ಸ್ಪ್ಯಾನಿಷ್ ಆರ್ಚ್ ಕೂಡ ತೋರಿಸಿದರು. 1584ರಲ್ಲಿ ಕಟ್ಟಿದ್ದು, ಹಡಗುಕಟ್ಟೆ ಕಾಯಲು ಊರ ಗೋಡೆಯನ್ನು ನದಿಯ ಕಡೆ ಚಾಚಿದ ಭಾಗ. ಸ್ಪೇನಿನಿಂದ ವೈನ್ ತುಂಬಿದ ಹಡಗುಗಳು ಗಾಲ್ವೇಗೆ ಬರುತ್ತಿದ್ದ ಕಾಲ ಅದು. ಬೆಂಗಳೂರಿನ ಓಣಿಯಲ್ಲಿ ಸಿಗುವಷ್ಟು ಸಣ್ಣ ಕಲ್ಲುಕಮಾನು, ಹೆಸರು ನೋಡಿ ಅರಮನೆ ಬಾಗಿಲು ಅಂದುಕೊಂಡಿದ್ದ ಮಕ್ಕಳಿಗೆ ನಿರಾಸೆ.

ಈ ಸುತ್ತಾಟದ ಬಗ್ಗೆ ನನಗೊಂದು ತಕರಾರಿದೆ. ಬಸ್ಸು ಹತ್ತಿದ ಕೂಡಲೇ ಹಿಂದಿನ ಸೀಟುಗಳೆಲ್ಲ ಸ್ಪೇನ್, ಮುಂದಿನವೆಲ್ಲ ಐರ್ಲೆಂಡ್. ಇಪ್ಪತ್ತು ಚಿಲ್ಲರೆ ಮಕ್ಕಳು ತಮ್ಮ ಭಾಷೆಯವರು ಪಕ್ಕದಲ್ಲೇ ಇರುವಾಗ ಬೇರೆ ಭಾಷೆ ಯಾಕೆ ಆಡುತ್ತಾರೆ ಹೇಳಿ. ದುಡ್ಡು ಹೋದದ್ದು ಪೂರ್ತಿ ಬಸ್ಸಿಗೆ, ಕಲಿತದ್ದು ಪೂರ್ತಿ ಮನೆಯಲ್ಲಿ. ಭಾನುವಾರ ಶಾಲೆಯಿಂದ ಏನೂ ಇಟ್ಟಿರಲಿಲ್ಲ. ಮನೆಯವರೇ ನೋಡಿಕೊಳ್ಳಿ ಅಂತ ಬಿಟ್ಟಿದ್ದರು. ಕೆಲವು ಅಮ್ಮಂದಿರು ಅಯ್ಯೋ ಇಡೀ ದಿನ ಏನು ಮಾಡೋದು ಅಂತ ಒದ್ದಾಡಿದರು. ನನಗೆ ಹಿಂದಿನ ರಾತ್ರಿ ಡ್ಯೂಟಿ ಇತ್ತು, ಬೆಳಿಗ್ಗೆ ಬಂದು ಮಲಗಿಬಿಟ್ಟೆ. ಎದ್ದು ನೋಡಿದರೆ ಹುಡುಗಿಯರಿಬ್ಬರೂ ಯಜಮಾನರ ಜೊತೆ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬಂದು, ಬಟ್ಟೆ ಮಡಚುತ್ತಾ ಯಾರ ಬಗ್ಗೆಯೋ ಚಾಡಿ ಹೇಳಿಕೊಳ್ಳುತ್ತಿದ್ದಾರೆ. ಅದೂ ಇಂಗ್ಲಿಷಿನಲ್ಲಿ, ಫೋನಿಲ್ಲದೆ! ಅವಳ ಕಿವಿ ನಮ್ಮ ಮಾತಿಗೆ ಒಗ್ಗಿತ್ತು. ನಿಮ್ಮ ಇಂಗ್ಲಿಷ್ ನನಗೆ ಪೂರ್ತಿ ಅರ್ಥವಾಗುತ್ತೆ, ಪಕ್ಕದ ಮನೆ ಅಜ್ಜನದು ಒಂದಕ್ಷರವೂ ಆಗಲ್ಲ ಅಂದಳು. ಆ ಅಜ್ಜ ಕನೆಮಾರಾದವರು. ಅವರ ಮಾತು ನನಗೆ ಹಿಡಿಯಲು ವರ್ಷಗಳೇ ಬೇಕಾದವು, ಅದನ್ನು ಅವಳಿಗೆ ಹೇಳಲಿಲ್ಲ.

ಅದು ನವರಾತ್ರಿ ಸಮಯ. ಮನೆಯಲ್ಲಿ ಸಣ್ಣದಾಗಿ ನಾಲ್ಕು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದೆ. ಅಂಗಡಿಗಳಲ್ಲೆಲ್ಲ ಹ್ಯಾಲೋವೀನ್ ಅಸ್ಥಿಪಂಜರ, ಒಳಗೆ ಉಂಗುರ ಇಟ್ಟು ಬೇಯಿಸಿದ ಬಾರ್ಮ್‌ಬ್ರ್ಯಾಕ್ ಬ್ರೆಡ್. ನಮ್ಮನೆಯಲ್ಲಿ ಪಟ್ಟದ ಗೊಂಬೆ, ಚರುಪಿಗೆ ಕಡಲೆ ಉಸಲಿ. ಹುಡುಗಿ ಎರಡರ ಫೋಟೋವನ್ನೂ ಒಂದೇ ಉಸಿರಿನಲ್ಲಿ ಮನೆಗೆ ಕಳಿಸಿ, ಐರ್ಲೆಂಡಿನ ಹಬ್ಬ ಅಂತ ಬರೆದಳು. ಅವರಮ್ಮ ನನಗೆ ಮೆಸೇಜ್ ಹಾಕಿ, ಗೊಂಬೆಗಳ ಮಧ್ಯೆ ಇರುವ ಶೆಟ್ಟಿ ಯಾರು, ಐರ್ಲೆಂಡಿನ ಸಂತನಾ ಅಂತ ಕೇಳಿದರು.

ಚಳಿಗಾಲ ಕಳೆದು ಮಾರ್ಚ್ ಬಂತು. ಈಗ ನಮ್ಮ ಸರದಿ.

ಇಲ್ಲಿನ ಅಮ್ಮಂದಿರಿಗೆ ಮಕ್ಕಳನ್ನು ಕಳಿಸುವುದು ಅಷ್ಟೇನೂ ಕಷ್ಟವಲ್ಲ. ಐರಿಷ್ ಭಾಷೆ ಕಲಿಯಲಿ ಅಂತ ಬೇಸಿಗೆಯಲ್ಲಿ ಮೂರು ವಾರ ಐರಿಷ್ ಆಡುವ ಗೇಲ್ಟಾಕ್ಟ್ ಹಳ್ಳಿಗಳಿಗೆ ಕಳಿಸುವ ರೂಢಿ ಇದೆ. ಅಲ್ಲಿ ಮಕ್ಕಳು ಗೊತ್ತಿಲ್ಲದವರ ಮನೆಯಲ್ಲೇ ಇದ್ದು ಬರುತ್ತಾರೆ. ನನ್ನ ಮಗಳು ಅಜ್ಜಿ ಮನೆ ಬಿಟ್ಟು ಬೇರೆಲ್ಲೂ ಒಬ್ಬಳೇ ಮಲಗಿದವಳಲ್ಲ. ಯುರೋಪಿನ ಹೆಲ್ತ್ ಕಾರ್ಡ್ ಪರ್ಸಿನಲ್ಲಿ, ಚಟ್ನಿಪುಡಿ ಡಬ್ಬ ಬ್ಯಾಗಿನಲ್ಲಿ, ಆ ಮನೆಯವರಿಗೆ ಮೈಸೂರು ಸ್ಯಾಂಡಲ್ ಸೋಪು, ಗಾಲ್ವೇ ಫೋಟೋ ಇರುವ ಚಹಾ ಲೋಟ. ಹೊರಟಳು.

ಮ್ಯಾಡ್ರಿಡ್‌ನಿಂದ ಸಲಮಾಂಕಾ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಪಶ್ಚಿಮಕ್ಕೆ. ಬಿಸಿಲ ದೇಶ ಅಂತ ತೆಳು ಜಾಕೆಟ್ ಹಾಕಿಕೊಂಡು ಹೋದ ಐರಿಷ್ ಹುಡುಗರು ಬಸ್ಸಿಳಿದು ನಡುಗಿದರಂತೆ. ಆ ಊರು ಸಮುದ್ರಮಟ್ಟದಿಂದ 800 ಮೀಟರ್ ಎತ್ತರದ ಬಯಲಿನಲ್ಲಿದೆ, ಮಾರ್ಚಿನ ಬೆಳಿಗ್ಗೆ ಕೊರೆಯುವ ಚಳಿ. ಬಸ್ ನಿಲ್ದಾಣಕ್ಕೆ ಅಪ್ಪ, ಅಮ್ಮ, ತಮ್ಮ, ಅಜ್ಜಿ, ಚಿಕ್ಕಮ್ಮ ಎಲ್ಲ ಬಂದಿದ್ದರು. ಒಬ್ಬೊಬ್ಬರಿಗೂ ಎರಡೆರಡು ಮುತ್ತು.

ಮೊದಲ ಬೆಳಿಗ್ಗೆ ಮಗಳು ಏಳಲೇ ಇಲ್ಲ. ಅಲ್ಲಿನ ಕಿಟಕಿಗಳಿಗೆ ಹೊರಗಡೆ ಅಂಗಡಿ ಶಟರಿನಂಥ ಪರದೆ ಇರುತ್ತದೆ. ರಾತ್ರಿ ಅದನ್ನು ಪೂರ್ತಿ ಇಳಿಸಿದರೆ ಕೋಣೆಯೊಳಗೆ ಕೈ ಬೆರಳೂ ಕಾಣದು. ಗಾಲ್ವೇಯಲ್ಲಿ ಪರದೆ ಸಂದಿಯಿಂದ ಬರುವ ಬೆಳಕು ನೋಡಿ ಏಳುವವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ. ಮೇಲಾಗಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಭೂಪಟ ನೋಡಿದರೆ ಸ್ಪೇನೂ ಐರ್ಲೆಂಡೂ ಹೆಚ್ಚುಕಮ್ಮಿ ಒಂದೇ ನೇರದಲ್ಲಿವೆ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಗಡಿಯಾರವನ್ನು ಜರ್ಮನಿಯ ಸಮಯಕ್ಕೆ ಸರಿಸಿದ್ದು ಇವತ್ತಿಗೂ ಹಾಗೇ ಉಳಿದಿದೆ. ಸಲಮಾಂಕಾದಲ್ಲಿ ಮಾರ್ಚಿನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಒಂದೂವರೆ ಹೊತ್ತಿಗೆ. ಹಾಗೆ ಲೆಕ್ಕ ಹಾಕಿದರೆ ಅವರು ಎರಡೂವರೆಗೆ ಉಣ್ಣುವುದು ಅಂಥ ತಡವೇನಲ್ಲ. ರಾತ್ರಿ ಹತ್ತು ಗಂಟೆಯ ಊಟಕ್ಕೆ ಮಾತ್ರ ಈ ಲೆಕ್ಕ ಸಾಲದು.

ಶಾಲೆಯಲ್ಲಿ ಅವಳಿಗೆ ಗಾಬರಿಯಾದದ್ದು ಸದ್ದಿಗೆ. ಇಲ್ಲಿ ಸ್ವೆಟರು, ಸ್ಕರ್ಟು, ಟೈ ಇರುವ ಯೂನಿಫಾರಂ, ಟೀಚರನ್ನು ಮಿಸ್, ಸರ್ ಅನ್ನುವುದು. ಅಲ್ಲಿ ಯೂನಿಫಾರಂ ಇಲ್ಲ, ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಆದರೆ ಪಾಠ ಇಲ್ಲಿಗಿಂತ ಬಿಗಿಯಂತೆ. ಹನ್ನೊಂದರ ಸುಮಾರಿಗೆ ಬಿಡುವು, ಎಲ್ಲರ ಬ್ಯಾಗಿನಿಂದಲೂ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಉದ್ದ ಬ್ರೆಡ್ಡಿನ ಪೊಟ್ಟಣ ಹೊರಗೆ. ಅದರೊಳಗೆ ಹಂದಿ ತೊಡೆಯ ಹಾಮ್, ಇಲ್ಲವೇ ಚೊರಿಸೊ ಸಾಸೇಜ್. ಮಗಳ ಪೊಟ್ಟಣದಲ್ಲಿ ಪ್ರತಿದಿನ ಆಲೂಗಡ್ಡೆ ತೊರ್ತಿಯಾ, ಮೊಟ್ಟೆಯಲ್ಲಿ ಆಲೂಗಡ್ಡೆ ಬೇಯಿಸಿದ ದಪ್ಪ ದೋಸೆಯಂಥದ್ದು. ಆ ತಾಯಿ ಬೆಳಿಗ್ಗೆ ಎದ್ದು ಇವಳಿಗೊಬ್ಬಳಿಗೇ ಅಂತ ಮಾಡುತ್ತಿದ್ದರು.

ಮಾಂಸ ತಿನ್ನದವರಿಗೆ ಆ ಸೀಮೆ ಸುಲಭವಲ್ಲ. ಸಲಮಾಂಕಾ ಜಿಲ್ಲೆಯ ಗಿಹ್ವೇಲೋ ಊರು ಹಾಮ್‌ಗೆ ಇಡೀ ಸ್ಪೇನಿನಲ್ಲಿ ಹೆಸರುವಾಸಿ. ಹೋಟೆಲಿನಲ್ಲಿ ಮಾಂಸ ಬೇಡ ಅಂದರೆ ಹಾಮ್ ಚೂರು ಉದುರಿಸಿ ತಂದು ಕೊಡುತ್ತಾರೆ. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ, ರುಚಿಗೆ ಹಾಕಿದ್ದು. ವೆಜಿಟೆಬಲ್ ಸ್ಯಾಂಡ್‌ವಿಚ್ ಅಂತ ಬೋರ್ಡ್ ನೋಡಿ ಆರ್ಡರ್ ಮಾಡಿದರೆ ಒಳಗೆ ಟ್ಯೂನಾ ಮೀನು. ಎರಡನೇ ದಿನ ರಾತ್ರಿ ನನಗೆ ಮೆಸೇಜ್ ಬಂತು. ಅಜ್ಜಿ ಲೆಂಟಿಲ್ ಬೇಯಿಸಿದ್ದಾರೆ, ಅದರಲ್ಲಿ ಚೊರಿಸೊ ಹಾಕಿ ಕುದಿಸಿ, ನನ್ನ ತಟ್ಟೆಯಿಂದ ಮಾತ್ರ ತೆಗೆದಿದ್ದಾರೆ, ಏನು ಮಾಡಲಿ ಅಮ್ಮ? ಮನೆಯಲ್ಲಿ ಕೂತು ನಾನು ಏನು ಹೇಳಲಿ. ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡು, ಅಜ್ಜಿಗೆ ಬೇಜಾರು ಮಾಡಬೇಡ ಅಂದೆ. ಅವಳು ಬ್ರೆಡ್ಡು, ಸಲಾಡ್ ತಿಂದು, ತನಗೆ ಬರುವ ಸ್ಪ್ಯಾನಿಷಿನಲ್ಲಿ ಅಜ್ಜಿಗೆ ವಿಷಯ ಬಿಡಿಸಿ ಹೇಳಿದಳಂತೆ. ಪುಸ್ತಕದಲ್ಲಿ ಇಲ್ಲದ ಮಾತು ಅದು. ಕುದಿಸುವುದು, ಬೇರೆ ಪಾತ್ರೆ, ಹುಟ್ಟಿದಾಗಿನಿಂದ, ನಮ್ಮ ಮನೆಯಲ್ಲಿ ಯಾರೂ, ಇಂಥವೆಲ್ಲ. ಅಜ್ಜಿ ಪೂರ್ತಿ ಕೇಳಿ, ಮೂರು ಸಲ ತಿದ್ದಿ, ಮಾರನೇ ದಿನ ಬೇರೆ ಪಾತ್ರೆಯಲ್ಲಿ ಬೆಳ್ಳುಳ್ಳಿ, ಪಲಾವ್ ಎಲೆ, ಕೆಂಪು ಪಾಪ್ರಿಕಾ ಪುಡಿ ಹಾಕಿ ಲೆಂಟಿಲ್ ಮಾಡಿ ಇಟ್ಟಿದ್ದರು. ಇವಳು ಎರಡು ಸಲ ಹಾಕಿಸಿಕೊಂಡಳು. ಅದಾದ ಮೇಲೆ ಅಜ್ಜಿಗೆ ಇವಳೇ ಮೊಮ್ಮಗಳು.

ಆ ಅಜ್ಜಿಯ ಜೊತೆ ಇವಳಿಗೆ ಇನ್ನೊಂದು ನಿತ್ಯದ ಜಟಾಪಟಿ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು. ಅಲ್ಲಿ ಮನೆಯೊಳಗೆಂದೇ ಬೇರೆ ಚಪ್ಪಲಿ. ಬರಿಗಾಲಲ್ಲಿ ನಡೆದರೆ ಶೀತ ಆಗುತ್ತೆ ಅಂತ ಅಜ್ಜಿ ಕೈಯಲ್ಲಿ ಉಣ್ಣೆ ಚಪ್ಪಲಿ ಹಿಡಿದು ಹಜಾರದ ತುಂಬ ಹಿಂದೆ ಹಿಂದೆ ಬರುವರು. ಅಜ್ಜಿ ಮನೆಯಲ್ಲಿ ಒಂದು ದುಂಡು ಮೇಜು, ನೆಲ ಮುಟ್ಟುವ ದಪ್ಪ ಬಟ್ಟೆ ಹೊದಿಸಿದ್ದು. ಅದರಡಿಯಲ್ಲಿ ಕರೆಂಟಿನ ಹೀಟರ್. ಮೊದಲೆಲ್ಲ ಕೆಂಡದ ಬಟ್ಟಲು ಇಡುತ್ತಿದ್ದರಂತೆ. ಎಲ್ಲರೂ ಸುತ್ತ ಕೂತು, ಬಟ್ಟೆ ಎತ್ತಿ ಕಾಲು ಒಳಗೆ ಹಾಕಿ, ಮತ್ತೆ ಮಡಿಲ ಮೇಲೆ ಎಳೆದುಕೊಳ್ಳುವುದು. ಕಾಲು ಬೆಚ್ಚಗಾದ ಮೇಲೆ ಯಾರಿಗೂ ಏಳಲು ಮನಸ್ಸಿಲ್ಲ, ಮಾತೂ ನಿಲ್ಲುವುದಿಲ್ಲ. ಇಸ್ಪೀಟು, ಟಿವಿ, ಪಕ್ಕದ ಮನೆಯವರ ಸುದ್ದಿ. ಅಜ್ಜಿಗೆ ಇಂಗ್ಲಿಷಿನ ಒಂದು ಮಾತೂ ಬರದು. ಶಾಲೆಯ ಗೆಳತಿ ಇಂಗ್ಲಿಷಿಗೆ ಜಾರಿಬಿಡುವಳು, ಅಜ್ಜಿಯ ಹತ್ತಿರ ಆ ದಾರಿ ಇರಲಿಲ್ಲ. ಮಗಳ ಸ್ಪ್ಯಾನಿಷ್ ಸುಧಾರಿಸಿದ್ದು ಆ ಮೇಜಿನ ಸುತ್ತ.

ಊರಂತೂ ಚಿನ್ನದ ಬಣ್ಣದ ಕಲ್ಲಿನದು. ಹತ್ತಿರದ ವಿಯ್ಯಾಮಯೋರ್ ಊರಿನ ಗಣಿಯ ಕಲ್ಲು ಅದು, ಸಂಜೆ ಬಿಸಿಲಿಗೆ ಹೊಳೆಯುತ್ತದೆ. ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. ಅದರ ಮುಂಬಾಗಿಲ ಕೆತ್ತನೆಯಲ್ಲಿ ಒಂದು ತಲೆಬುರುಡೆ, ಅದರ ಮೇಲೊಂದು ಕಪ್ಪೆ. ಯಾರೂ ತೋರಿಸದೆ ಅದನ್ನು ಕಂಡುಹಿಡಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ ಅಂತ ನಂಬಿಕೆ. ಹೊಸ ಕೆಥೆಡ್ರಲ್ ಬಾಗಿಲಲ್ಲಿ ಗಗನಯಾತ್ರಿಯ ಕೆತ್ತನೆ ಇದೆ, 1992ರಲ್ಲಿ ದುರಸ್ತಿ ಮಾಡಿದಾಗ ಸೇರಿಸಿದ್ದು. ಇವೆಲ್ಲದರ ಫೋಟೋ ಬಂತು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು. 1592ರಲ್ಲಿ ಎರಡನೇ ಫಿಲಿಪ್ ದೊರೆಯ ಬೆಂಬಲದಿಂದ ಆ ಊರಿನಲ್ಲಿ ಐರಿಷ್ ಕಾಲೇಜು ಶುರುವಾಯಿತು. ಇಂಗ್ಲೆಂಡಿನ ಆಳ್ವಿಕೆಯಲ್ಲಿ ಐರ್ಲೆಂಡಿನ ಕ್ಯಾಥೊಲಿಕ್ ಹುಡುಗರಿಗೆ ಪಾದ್ರಿ ಓದು ಊರಲ್ಲಿ ಸಿಗುತ್ತಿರಲಿಲ್ಲ, ಹಡಗು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಆ ಕಾಲೇಜು 1951ರವರೆಗೂ ನಡೆಯಿತು. ಕೊನೆಗೆ ಅವರಿದ್ದ ಫೊನ್ಸೇಕಾ ಕಟ್ಟಡವನ್ನು ಊರವರು ಈಗಲೂ ಐರಿಷರ ಕಾಲೇಜು ಅನ್ನುತ್ತಾರೆ. ಹಳೆ ಕಾಗದಪತ್ರವೆಲ್ಲ ಈಗ ಐರ್ಲೆಂಡಿನ ಮೇನೂತ್‌ನಲ್ಲಿದೆ. ವಾಟ್ಸಾಪ್ ಇಲ್ಲದ ಕಾಲದಲ್ಲಿ ಆ ಹುಡುಗರ ಅಮ್ಮಂದಿರು ಏನು ಮಾಡುತ್ತಿದ್ದರೋ.

ರಾತ್ರಿ ಸುತ್ತಾಟದ ವಿಷಯದಲ್ಲಿ ಮಾತ್ರ ನಾನು ಸೋತೆ. ಗಾಲ್ವೇಯಲ್ಲಿ ಅವಳು ಎಂಟು ಗಂಟೆಗೆ ಮನೆ ಸೇರಬೇಕು. ಸಲಮಾಂಕಾದಲ್ಲಿ ಒಂಬತ್ತು ಗಂಟೆಗೆ ಮಕ್ಕಳೆಲ್ಲ ದೊಡ್ಡ ಚೌಕದ ಗಡಿಯಾರದ ಕೆಳಗೆ ಸೇರುವುದು. ಪ್ಲಾಸಾ ಮಯೋರ್ ಅದರ ಹೆಸರು, 1755ರಲ್ಲಿ ಕಟ್ಟಿ ಮುಗಿಸಿದ್ದು, ನಾಲ್ಕೂ ಕಡೆ ಕಮಾನು. ದೀಪ ಹತ್ತಿದ ಮೇಲೆ ಊರಿಗೆ ಊರೇ ಅಲ್ಲಿ. ಕೂಸು ಎತ್ತಿಕೊಂಡವರು, ಕೋಲೂರಿಕೊಂಡವರು, ಸೂರ್ಯಕಾಂತಿ ಬೀಜ ಬಿಡಿಸುತ್ತಾ ಕೂತ ಹುಡುಗರು. ಹನ್ನೊಂದಕ್ಕೆ ಮನೆ ಅಂತ ಆ ತಾಯಿ ಹೇಳಿದ್ದನ್ನು ಒಪ್ಪಿಕೊಂಡೆ. ವಿಡಿಯೋ ಕಾಲ್ ಮಾಡಿ ತೋರಿಸಿದಾಗ ನೋಡಿದರೆ, ಅಲ್ಲಿದ್ದ ಅಜ್ಜಿಯರ ಸಂಖ್ಯೆ ಕಂಡು ಧೈರ್ಯ ಬಂತು. ಅಷ್ಟು ಜನ ಮುದುಕಿಯರ ಕಣ್ಣೆದುರು ಏನು ತಾನೇ ತಪ್ಪು ನಡೆದೀತು.

ಒಂದು ಕಿರಿಕಿರಿಯೂ ಇತ್ತು. ಎಲ್ಲಿ ಹೋದರೂ ಜನ ಎಲ್ಲಿಯವಳು ಅಂತ ಕೇಳುವುದು, ಇವಳು ಐರ್ಲೆಂಡ್ ಅನ್ನುವುದು, ಅವರು ಅಲ್ಲ, ನಿಜವಾಗಿ ಎಲ್ಲಿಯವಳು ಅನ್ನುವುದು. ಕೆಂಪು ಕೂದಲಿನ ಗೆಳತಿಯನ್ನು ಯಾರೂ ಎರಡನೇ ಸಲ ಕೇಳಲ್ಲ. ಮೊದಮೊದಲು ಅಪ್ಪ ಅಮ್ಮ ಇಂಡಿಯಾ ಅಂತ ವಿವರಿಸಿದಳು. ಆಮೇಲೆ ಬೇಸರ ಬಂದು, ಗಾಲ್ವೇ, ಸಮುದ್ರದ ಪಕ್ಕ ಅಂತಷ್ಟೇ ಹೇಳಿ ಸುಮ್ಮನಾಗುತ್ತಿದ್ದಳಂತೆ. ಇದನ್ನು ಹೇಳುವಾಗ ನಕ್ಕಳು, ಆದರೆ ಪೂರ್ತಿ ನಗು ಅಲ್ಲ ಅದು. ಇಂಥದ್ದಕ್ಕೆ ಮಕ್ಕಳನ್ನು ಮೊದಲೇ ತಯಾರು ಮಾಡಿ ಕಳಿಸುವುದು ಒಳ್ಳೆಯದು ಅಂತ ಶಾಲೆಯವರಿಗೆ ಹೇಳಿದೆ, ಬರೆದುಕೊಂಡರು.

ವಾಪಸ್ ಬಂದ ಮೇಲೆ ಬೇರೆ ಅಮ್ಮಂದಿರ ಜೊತೆ ಮಾತಾಡಿದಾಗ ಒಂದು ವಿಷಯ ಗೊತ್ತಾಯಿತು. ಯಾರ ಮನೆಯಲ್ಲಿ ಅಜ್ಜ ಅಜ್ಜಿ, ಚಿಕ್ಕ ಮಕ್ಕಳು ಇದ್ದರೋ ಆ ಮಕ್ಕಳಿಗೆ ಭಾಷೆ ಬಂದಿದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ, ಮಕ್ಕಳಿಬ್ಬರೇ ಕೋಣೆಯಲ್ಲಿ ಫೋನ್ ಹಿಡಿದು ಕೂತ ಮನೆಗಳಲ್ಲಿ ಅಷ್ಟಕ್ಕಷ್ಟೇ. ಮುಂದಿನ ವರ್ಷದ ಫಾರ್ಮಿನಲ್ಲಿ ಮನೆಯಲ್ಲಿ ನಾಯಿ ಬೆಕ್ಕು ಇದೆಯಾ ಅಂತ ಕೇಳುವ ಜಾಗದಲ್ಲೇ ಅಜ್ಜಿ ಇದ್ದಾರಾ ಅಂತಲೂ ಕೇಳಿ ಅಂದೆ. ಟೀಚರು ತಮಾಷೆ ಅಂದುಕೊಂಡರು. ನಾನು ತಮಾಷೆ ಮಾಡಿರಲಿಲ್ಲ.

ಮಗಳೀಗ ಹೈಸ್ಕೂಲಿನ ಐದನೇ ವರ್ಷದಲ್ಲಿದ್ದಾಳೆ. ಲೀವಿಂಗ್ ಸರ್ಟಿಗೆ ಸ್ಪ್ಯಾನಿಷ್ ಹೈಯರ್ ಲೆವೆಲ್ ತೆಗೆದುಕೊಂಡಿದ್ದಾಳೆ. ಅದರಲ್ಲಿ ಕಾಲು ಭಾಗ ಅಂಕ ಬಾಯಿಮಾತಿನ ಪರೀಕ್ಷೆಗೆ. ಅದಕ್ಕೆ ಅಂತ ವಾರಕ್ಕೊಮ್ಮೆ ಗೆಳತಿಗೆ ಕಾಲ್ ಮಾಡುತ್ತಾಳೆ, ಅರ್ಧ ಗಂಟೆ ಸ್ಪ್ಯಾನಿಷ್, ಅರ್ಧ ಗಂಟೆ ಇಂಗ್ಲಿಷ್ ಅಂತ ಒಪ್ಪಂದ. ಇಂಗ್ಲಿಷಿನ ಅರ್ಧ ಗಂಟೆ ಬಂದಾಗ ನನ್ನ ಮಗ ಫೋನ್ ಕಿತ್ತುಕೊಂಡು ಚೌಕಾಬಾರದ ಬಾಕಿ ಲೆಕ್ಕ ತೆಗೆಯುತ್ತಾನೆ.